ಇಂಟರ್ನೆಟ್ಟಿನ ಲೆಕ್ಕ ಕೇಳುವವರು

"ಇವ್ರನ್ನೆಲ್ಲಾ ಆರಿಸಿದವ್ರು ಯಾರ್ರೀ ಸರ?"

ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ನೆಟ್‌ವರ್ಕ್ ಪಾಠ ಮಾಡುವ ನನಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ವೆಬ್‌ಸೈಟ್ ಹೆಸರುಗಳ ಮೇಲುಸ್ತುವಾರಿ ಐಕಾನ್ ಸಂಸ್ಥೆಯದ್ದು, ನಮ್ಮ ಭಾಗದ ಜಗತ್ತಿಗೆ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿಗೆ ಸೇರುವ ಯಂತ್ರಗಳ ಗುರುತಿನ ಸಂಖ್ಯೆ, ಹಂಚುವುದು ಎಪಿನಿಕ್, ತಾಂತ್ರಿಕ ನಿಯಮ ಬರೆಯುವುದು ಐಇಟಿಎಫ್ ಅಂತ ಬೋರ್ಡಿನ ಮೇಲೆ ಬರೆದ ಕೂಡಲೇ ಯಾರಾದರೊಬ್ಬರು ಕೈ ಎತ್ತುತ್ತಾರೆ. ಸರ್ಕಾರ ತಪ್ಪು ಮಾಡಿದರೆ ಓಟು ಇದೆ. ಅಂಗಡಿಯವನು ಮೋಸ ಮಾಡಿದರೆ ಇನ್ನೊಂದು ಅಂಗಡಿ ಇದೆ. ಇವರು ತಪ್ಪು ಮಾಡಿದರೆ ಯಾರನ್ನು ಕೇಳಬೇಕು?

ಇಂಟರ್ನೆಟ್ಟಿಗೆ ಒಬ್ಬ ಯಜಮಾನ ಇಲ್ಲ. ಹಲವು ಸಂಸ್ಥೆಗಳಿವೆ, ಒಂದೊಂದಕ್ಕೆ ಒಂದೊಂದು ಕೆಲಸ. ಅಲ್ಲಿ ಸಂಬಳದ ಸಿಬ್ಬಂದಿ ಇದ್ದಾರೆ ನಿಜ. ಆದರೆ ನಿಯಮ ಬರೆಯುವ ಕೆಲಸದ ದೊಡ್ಡ ಪಾಲು ಸ್ವಯಂಸೇವಕರದ್ದು. ಆ ಸಂಸ್ಥೆ ಅವರಿಗೆ ಸಂಬಳ ಕೊಡುವುದಿಲ್ಲ. ಸಂಸ್ಥೆ ದಾರಿ ತಪ್ಪಿದರೆ ತಡೆಯಬೇಕಾದವರೂ ಇದೇ ಸ್ವಯಂಸೇವಕರು. ಈ ಎರಡನೆಯ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ನನಗೆ ಮುಖ್ಯ ಅನಿಸುವುದು ಅದೇ.

ಮೊದಮೊದಲು ಈ ಹೆಸರು ಮತ್ತು ಸಂಖ್ಯೆಗಳ ಪಟ್ಟಿಯನ್ನು ನೋಡಿಕೊಳ್ಳುತ್ತಿದ್ದದ್ದು ಹೆಚ್ಚುಕಡಿಮೆ ಒಬ್ಬ ವ್ಯಕ್ತಿ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾನ್ ಪೋಸ್ಟೆಲ್. ಜನ ಅವರನ್ನು ನಂಬುತ್ತಿದ್ದರು, ಕೆಲಸ ನಡೆಯುತ್ತಿತ್ತು. ಇಂಟರ್ನೆಟ್ ದೊಡ್ಡದಾದಂತೆ ಒಬ್ಬರ ಮೇಲಿನ ನಂಬಿಕೆ ಸಾಲದಾಯಿತು. 1998ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐಕಾನ್ ಎಂಬ ಲಾಭರಹಿತ ಸಂಸ್ಥೆ ನೋಂದಣಿಯಾಯಿತು. ನಮ್ಮ ಬೆಳಗಾವಿಯ ವಿಟಿಯು ಹುಟ್ಟಿದ್ದೂ ಅದೇ ವರ್ಷ. ಐಕಾನ್ ನೋಂದಣಿಯಾಗಿ ಕೆಲವೇ ವಾರಗಳಲ್ಲಿ, ಅಕ್ಟೋಬರ್ 16ರಂದು, ಪೋಸ್ಟೆಲ್ ತೀರಿಕೊಂಡರು. ಒಬ್ಬರ ಮೇಲೆ ಇದ್ದ ನಂಬಿಕೆಯನ್ನು ಒಂದು ಸಂಸ್ಥೆಯ ಮೇಲೆ ಇಡುವುದು ಹೇಗೆ ಅನ್ನುವ ಜಗಳ ಅಂದಿನಿಂದ ಇಂದಿನವರೆಗೂ ನಡೆದಿದೆ.

ನಮ್ಮ ಕಡೆಯವರಿಗೆ ಇದನ್ನು ತಿಳಿಸಲು ಪತ್ತಿನ ಸಹಕಾರಿ ಸಂಘಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಗೋಕಾಕ, ಜಮಖಂಡಿ, ಸಿಂದಗಿ, ಎಲ್ಲೇ ಹೋಗಿ, ಸಂಘಕ್ಕೆ ಷೇರುದಾರರಿದ್ದಾರೆ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಸೇರುತ್ತದೆ. ಆಡಳಿತ ಮಂಡಳಿ ಜಮಾ-ಖರ್ಚು ಓದುತ್ತದೆ. ಹಿಂದಿನ ಸಾಲಿನಲ್ಲಿ ಕೂತ ಸದಸ್ಯ ಎದ್ದು ನಿಂತು "ಈ ಖರ್ಚು ಯಾಕೆ?" ಅಂತ ಕೇಳಬಹುದು. ಐಕಾನ್‌ಗೆ ಇಂಥ ಷೇರುದಾರರೇ ಇಲ್ಲ. ಸದಸ್ಯರಿಲ್ಲದ ಸಂಸ್ಥೆಯಾಗಿಯೇ ಅದನ್ನು ಕಟ್ಟಿದರು. ದುಡ್ಡು ಮಾತ್ರ ನಮ್ಮಿಂದಲೇ ಹೋಗುತ್ತದೆ. ಇಳಕಲ್‌ನ ಸೀರೆ ವ್ಯಾಪಾರಿ ಒಂದು ಡಾಟ್ ಕಾಮ್ ಹೆಸರು ಕೊಂಡರೆ, ಅವರು ವರ್ಷಕ್ಕೆ ಕಟ್ಟುವ ಹಣದಲ್ಲಿ ಹೆಸರು ಮಾರಿದ ಕಂಪನಿಯ ಮೂಲಕವೇ ಸುಮಾರು 20 ಅಮೆರಿಕನ್ ಸೆಂಟ್ ಐಕಾನ್‌ಗೆ ಹೋಗುತ್ತದೆ. ಚಿಕ್ಕ ಮೊತ್ತ, ಆದರೆ ಜಗತ್ತಿನ ಕೋಟಿಗಟ್ಟಲೆ ಹೆಸರುಗಳಿಂದ ಅದು ಒಟ್ಟಾಗುತ್ತದೆ. ಲೆಕ್ಕ ಕೇಳುವ ಹಕ್ಕು ಆ ವ್ಯಾಪಾರಿಗೂ ಇರಬೇಕು, ಅಲ್ವಾ?

ಆ ಹಕ್ಕನ್ನು ನೇರವಾಗಿ ಕೊಡುವ ಪ್ರಯತ್ನ ಒಮ್ಮೆ ನಡೆಯಿತು. 2000ದಲ್ಲಿ ಐಕಾನ್ ತನ್ನ ಮಂಡಳಿಯ ಐದು ಸ್ಥಾನಗಳಿಗೆ ಆನ್‌ಲೈನ್ ಚುನಾವಣೆ ಮಾಡಿತು. ಜಗತ್ತನ್ನು ಐದು ವಲಯ ಮಾಡಿ, ವಲಯಕ್ಕೊಬ್ಬರು. ಸಾಮಾನ್ಯ ಬಳಕೆದಾರರೇ ಮತದಾರರು. ಸುಮಾರು 34,000 ಜನ ಓಟು ಹಾಕಿದರು. ಉತ್ತರ ಅಮೆರಿಕದಿಂದ ಗೆದ್ದವರು ಕಾರ್ಲ್ ಔರ್ಬಾಕ್ ಎಂಬ ಎಂಜಿನಿಯರ್. ಆರಿಸಿ ಬಂದ ಮೇಲೆ ಅವರು ಸಂಸ್ಥೆಯ ಹಣಕಾಸಿನ ದಾಖಲೆ ನೋಡಬೇಕು ಅಂದರು. ಷರತ್ತುಗಳಿಗೆ ಒಪ್ಪಿ ಸಹಿ ಹಾಕಿದರೆ ಮಾತ್ರ ತೋರಿಸುತ್ತೇವೆ ಅಂದಿತು ಆಡಳಿತ. ಔರ್ಬಾಕ್ ಸಹಿ ಹಾಕಲಿಲ್ಲ, ಕೋರ್ಟಿಗೆ ಹೋದರು. ನಿರ್ದೇಶಕನಿಗೆ ದಾಖಲೆ ನೋಡುವ ಹಕ್ಕಿದೆ ಅಂತ 2002ರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟು ಹೇಳಿತು.

ಆ ಹೊತ್ತಿಗೆ ನೇರ ಚುನಾವಣೆಯ ಪದ್ಧತಿಯನ್ನೇ ಕೈಬಿಡಲು ಐಕಾನ್ ಹೊರಟಿತ್ತು. ಚುನಾವಣೆಯಲ್ಲಿ ತೊಂದರೆಗಳಿದ್ದವು, ಸುಳ್ಳಲ್ಲ. ಕೆಲವು ದೇಶಗಳಲ್ಲಿ ಮತದಾರರನ್ನು ಗುಂಪುಗುಂಪಾಗಿ ನೋಂದಾಯಿಸುವ ಪೈಪೋಟಿ ನಡೆದಿತ್ತು. ಆದರೂ ತೊಂದರೆ ಸರಿಪಡಿಸುವುದು ಬಿಟ್ಟು ಓಟನ್ನೇ ತೆಗೆದದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಅದರ ಬದಲು ಬಂದದ್ದು ಬಳಕೆದಾರರ ಸಲಹಾ ಸಮಿತಿ. ಅದರಲ್ಲಿ 15 ಜನ: ಐದು ವಲಯಗಳಿಂದ ಇಬ್ಬಿಬ್ಬರು, ಉಳಿದ ಐವರನ್ನು ನಾಮನಿರ್ದೇಶನ ಸಮಿತಿ ಆರಿಸುತ್ತದೆ. ಇಂದು ಮಂಡಳಿಯಲ್ಲಿ ಮತದ ಹಕ್ಕಿರುವ 16 ಸ್ಥಾನಗಳಿವೆ. ಅದರಲ್ಲಿ ಬಳಕೆದಾರರ ಕಡೆಯಿಂದ ಆರಿಸಿ ಬರುವುದು ಒಂದೇ ಒಂದು.

ಇಷ್ಟೆಲ್ಲ ನಡೆಯುವಾಗ ಮೇಲೆ ಅಮೆರಿಕ ಸರ್ಕಾರ ಕೂತಿತ್ತು. ಅದರ ವಾಣಿಜ್ಯ ಇಲಾಖೆ ಜೊತೆ ಐಕಾನ್‌ಗೆ ಒಪ್ಪಂದ ಇತ್ತು. 2014ರ ಮಾರ್ಚಿನಲ್ಲಿ ಆ ಸರ್ಕಾರ, ನಾವು ಈ ಜವಾಬ್ದಾರಿ ಬಿಟ್ಟುಕೊಡುತ್ತೇವೆ ಅಂತ ಘೋಷಿಸಿತು. ಆಗ ಎದ್ದ ಪ್ರಶ್ನೆ ನಮ್ಮ ಹುಡುಗರು ಕೇಳುವ ಪ್ರಶ್ನೆಯೇ. ಅಮೆರಿಕ ಹೋದ ಮೇಲೆ ಇವರಿಗೆ ಹೇಳುವವರು ಕೇಳುವವರು ಯಾರು? ಎರಡು ವರ್ಷ ನೂರಾರು ಸ್ವಯಂಸೇವಕರು ಹಗಲುರಾತ್ರಿ ಫೋನ್ ಸಭೆ ನಡೆಸಿ ಉತ್ತರ ಬರೆದರು. 2016ರ ಅಕ್ಟೋಬರ್ 1ಕ್ಕೆ ಒಪ್ಪಂದ ಮುಗಿಯಿತು. ಹೊಸ ವ್ಯವಸ್ಥೆಯ ಹೆಸರು ಎಂಪವರ್ಡ್ ಕಮ್ಯುನಿಟಿ, ಅಂದರೆ ಅಧಿಕಾರವುಳ್ಳ ಸಮುದಾಯ. ಮರುತಿಂಗಳು ಐಕಾನ್‌ನ ದೊಡ್ಡ ಸಭೆ ನಡೆದದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲಿ.

ಈ ಎಂಪವರ್ಡ್ ಕಮ್ಯುನಿಟಿಯಲ್ಲಿ ಐದು ಗುಂಪುಗಳಿವೆ. ಐಪಿ ವಿಳಾಸ ಹಂಚುವವರು, ಡಾಟ್ ಇನ್‌ನಂಥ ದೇಶದ ಹೆಸರು ನಡೆಸುವವರು, ಡಾಟ್ ಕಾಮ್‌ನಂಥ ಸಾಮಾನ್ಯ ಹೆಸರುಗಳ ನಿಯಮ ಮಾಡುವವರು, ಸರ್ಕಾರಗಳು, ಬಳಕೆದಾರರು. ಇವರು ಸೇರಿದರೆ ಐಕಾನ್ ಬಜೆಟ್ಟನ್ನು ತಿರಸ್ಕರಿಸಬಹುದು. ಉಪನಿಯಮದ ತಿದ್ದುಪಡಿಯನ್ನು ತಡೆಯಬಹುದು. ಒಬ್ಬ ನಿರ್ದೇಶಕರನ್ನು ತೆಗೆಯಬಹುದು. ಐದರಲ್ಲಿ ನಾಲ್ಕು ಗುಂಪು ಒಪ್ಪಿದರೆ ಇಡೀ ಮಂಡಳಿಯನ್ನೇ ಮನೆಗೆ ಕಳಿಸಬಹುದು. ಔರ್ಬಾಕ್ ಕೋರ್ಟಿಗೆ ಹೋಗಿ ಪಡೆದಿದ್ದ, ದಾಖಲೆ ನೋಡುವ ಹಕ್ಕು ಈಗ ಈ ಸಮುದಾಯಕ್ಕೂ ಇದೆ.

ಕಾಗದದ ಮೇಲೆ ಬಹಳ ಚೆನ್ನಾಗಿದೆ. ನಿಜವಾದ ಪರೀಕ್ಷೆ ಬಂದದ್ದು 2019ರಲ್ಲಿ.

ಡಾಟ್ ಆರ್ಗ್ ಅಂದರೆ ಸೇವಾ ಸಂಸ್ಥೆಗಳ ಹೆಸರು. ಮಠಗಳು, ಶಿಕ್ಷಣ ಸಂಸ್ಥೆಗಳು, ಹೊರದೇಶದ ಕನ್ನಡ ಕೂಟಗಳು ಎಲ್ಲ ಬಳಸುತ್ತವೆ. ಜಗತ್ತಿನಲ್ಲಿ ಇಂಥ 1 ಕೋಟಿಗೂ ಜಾಸ್ತಿ ಹೆಸರುಗಳಿವೆ. ಈ ಹೆಸರಿನ ಬೆಲೆ ಮನಸ್ಸಿಗೆ ಬಂದಂತೆ ಏರಿಸದಂತೆ ಒಂದು ಮಿತಿ ಇತ್ತು. ಆ ಮಿತಿ ತೆಗೆಯುತ್ತೇವೆ, ಅಭಿಪ್ರಾಯ ಹೇಳಿ ಅಂತ ಐಕಾನ್ ಕೇಳಿತು. 3,000ಕ್ಕೂ ಹೆಚ್ಚು ಅಭಿಪ್ರಾಯ ಬಂದವು. ಹೆಚ್ಚುಕಡಿಮೆ ಎಲ್ಲವೂ ಬೇಡ ಅಂದವು. ಐಕಾನ್ 2019ರ ಜೂನ್ ಕೊನೆಗೆ ಮಿತಿ ತೆಗೆದೇಬಿಟ್ಟಿತು. ನವೆಂಬರಿನಲ್ಲಿ ಇನ್ನೊಂದು ಸುದ್ದಿ. ಡಾಟ್ ಆರ್ಗ್ ನಡೆಸುತ್ತಿದ್ದ ಲಾಭರಹಿತ ಸಂಸ್ಥೆಯನ್ನು ಅದರ ಮಾತೃಸಂಸ್ಥೆ ಇಂಟರ್ನೆಟ್ ಸೊಸೈಟಿಯು ಎಥೋಸ್ ಕ್ಯಾಪಿಟಲ್ ಎಂಬ ಖಾಸಗಿ ಹೂಡಿಕೆ ಕಂಪನಿಗೆ 113.5 ಕೋಟಿ ಡಾಲರ್‌ಗೆ ಮಾರಲು ಹೊರಟಿತ್ತು.

ಆಗ ನಡೆದದ್ದನ್ನು ಎಲ್ಲರೂ ಓದಬೇಕು. ಸಣ್ಣಸಣ್ಣ ಸೇವಾ ಸಂಸ್ಥೆಗಳು ಒಟ್ಟಾದವು. ದಾಖಲೆ ಕೆದಕಿದರು, ಪತ್ರ ಬರೆದರು, 2020ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಐಕಾನ್ ಕಚೇರಿ ಎದುರು ನಿಂತು ಕೂಗಿದರು. ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಈ ಮಾರಾಟಕ್ಕೆ ಒಪ್ಪಿಗೆ ಕೊಡಬೇಡಿ ಅಂತ ಐಕಾನ್‌ಗೆ ಬರೆದರು. ಏಪ್ರಿಲ್ 30ರಂದು ಮಂಡಳಿ ಮಾರಾಟವನ್ನು ತಿರಸ್ಕರಿಸಿತು. ಬೆಲೆ ಮಿತಿಯ ವಿಷಯ ಇನ್ನೂ ನಿಧಾನವಾಗಿ ಸಾಗಿತು. ಹೆಸರು ಮಾರುವ ನೇಮ್‌ಚೀಪ್ ಕಂಪನಿ, ಐಕಾನ್ ಮೇಲಿನ ದೂರು ಕೇಳುವ ಸ್ವತಂತ್ರ ಪರಿಶೀಲನಾ ಸಮಿತಿಗೆ ಹೋಯಿತು. ಮಿತಿ ತೆಗೆದ ರೀತಿಯಲ್ಲಿ ಐಕಾನ್ ತನ್ನದೇ ಉಪನಿಯಮವನ್ನು ಮುರಿದಿದೆ ಅಂತ ಆ ಸಮಿತಿ ಹೇಳಿದ್ದು 2022ರ ಡಿಸೆಂಬರಿನಲ್ಲಿ. ಮೂರು ವರ್ಷ ವಕೀಲರಿಗೆ ದುಡ್ಡು ಸುರಿಯಬಲ್ಲ ಕಂಪನಿ ಇದ್ದುದರಿಂದ ಇಷ್ಟಾದರೂ ಆಯಿತು. ಸ್ವಯಂಸೇವಕರಿಗೆ ಆ ದಾರಿ ಇದ್ದೂ ಇಲ್ಲದ ಹಾಗೆ.

ಇಡೀ ಮಂಡಳಿಯನ್ನು ಇಳಿಸುವ ಅಧಿಕಾರವನ್ನು ಇಲ್ಲಿ ಯಾರೂ ಬಳಸಲಿಲ್ಲ. ಮಾರಾಟ ನಿಂತದ್ದು ಯಾರೋ ಕೆಲವರು ದಾಖಲೆಗಳನ್ನು ಸಾಲು ಸಾಲಾಗಿ ಓದಿ, ಉಳಿದವರಿಗೆ ತಿಳಿಯುವಂತೆ ಹೇಳಿ, ಗದ್ದಲ ಎಬ್ಬಿಸಿದ್ದರಿಂದ. ನಿಯಮ ಇದ್ದರೆ ಸಾಲದು, ಅದನ್ನು ಓದಿ ಎತ್ತಿ ಹಿಡಿಯುವವರು ಬೇಕು.

ಅಂಥವರು ತಡವಾಗಿ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಆಫ್ರಿಕಾದ ಕಥೆ ಇದೆ. ಐಪಿ ವಿಳಾಸ ಹಂಚಲು ಜಗತ್ತಿನಲ್ಲಿ ಐದು ಪ್ರಾದೇಶಿಕ ಸಂಸ್ಥೆಗಳಿವೆ. ನಮ್ಮದು ಎಪಿನಿಕ್, ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ. ಆಫ್ರಿಕಾದ್ದು ಆಫ್ರಿನಿಕ್, ಮಾರಿಷಸ್‌ನಲ್ಲಿ. ಹಳೆಯ ಮಾದರಿಯ ಐಪಿ ವಿಳಾಸಗಳು ಮುಗಿಯುತ್ತಾ ಬಂದು ಅವಕ್ಕೆ ಮಾರುಕಟ್ಟೆಯಲ್ಲಿ ಬಂಗಾರದ ಬೆಲೆ ಬಂದಿತ್ತು. 2019ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಸ್ವತಂತ್ರ ತನಿಖೆಗಾರ ಮತ್ತು ದಕ್ಷಿಣ ಆಫ್ರಿಕಾದ ಒಬ್ಬ ಪತ್ರಕರ್ತ ಸಾರ್ವಜನಿಕ ದಾಖಲೆಗಳನ್ನು ತಾಳೆ ಹಾಕಿ ನೋಡಿದರು. ಲಕ್ಷಗಟ್ಟಲೆ ವಿಳಾಸಗಳು ಯಾರ್ಯಾರದೋ ಕೈ ಸೇರಿದ್ದು ಬಯಲಾಯಿತು. ಸಂಸ್ಥೆಯೇ ಮಾಡಿಸಿದ ಲೆಕ್ಕಪರಿಶೋಧನೆ 2021ರಲ್ಲಿ ಹೊರಬಂತು. ಸುಮಾರು 41 ಲಕ್ಷ ವಿಳಾಸಗಳು ಅಕ್ರಮವಾಗಿ ಕೈ ಬದಲಾಗಿದ್ದವು. ಒಳಗಿನವರ ಕೈವಾಡ ಇತ್ತು.

ಮುಂದೆ ಒಂದು ಕಂಪನಿಯ ಜೊತೆ ವಿಳಾಸಗಳ ಜಗಳ ಕೋರ್ಟು ಹತ್ತಿತು. 2021ರಲ್ಲಿ ಆಫ್ರಿನಿಕ್‌ನ ಬ್ಯಾಂಕ್ ಖಾತೆಗಳೇ ಕೆಲಕಾಲ ಸ್ಥಗಿತವಾದವು. 2022ರ ಹೊತ್ತಿಗೆ ಮಂಡಳಿಗೆ ಕೋರಂ ಇಲ್ಲದಾಯಿತು. 2023ರಲ್ಲಿ ಕೋರ್ಟು ಮೇಲ್ವಿಚಾರಕರನ್ನು ನೇಮಿಸಿತು. 2025ರ ಜೂನಿನಲ್ಲಿ ಚುನಾವಣೆ ಶುರುವಾಯಿತು. ಬೇರೆಯವರ ಪರವಾಗಿ ಮತ ಹಾಕುವ ಅಧಿಕಾರಪತ್ರಗಳ ಮೇಲೆ ಅನುಮಾನ ಬಂದು ಅದು ರದ್ದಾಯಿತು. ಸೆಪ್ಟೆಂಬರಿನಲ್ಲಿ ಮತ್ತೆ ಚುನಾವಣೆ ಮಾಡಿ ಹೊಸ ಮಂಡಳಿ ಬಂತು. ಒಂದು ಖಂಡಕ್ಕೇ ಇಂಟರ್ನೆಟ್ ವಿಳಾಸ ಕೊಡುವ ಸಂಸ್ಥೆ ಸುಮಾರು ಮೂರು ವರ್ಷ, ತೀರ್ಮಾನ ಮಾಡಬಲ್ಲ ಆಡಳಿತ ಮಂಡಳಿ ಇಲ್ಲದೆ ನಡೆಯಿತು. ಅಷ್ಟು ದಿನ ದಿನನಿತ್ಯದ ಕೆಲಸ ನಿಲ್ಲದಂತೆ ನೋಡಿಕೊಂಡ ಸಿಬ್ಬಂದಿಯ ಬಗ್ಗೆ ನನಗೆ ಬಹಳ ಗೌರವ ಇದೆ.

ಎಲ್ಲ ಕಡೆಯೂ ಹೀಗೇ ಅಂತಲ್ಲ. ಚೆನ್ನಾಗಿ ಯೋಚಿಸಿ ಕಟ್ಟಿದ ಪದ್ಧತಿಗಳೂ ಇವೆ. ಐಇಟಿಎಫ್‌ನಲ್ಲಿ ಸದಸ್ಯತ್ವವೇ ಇಲ್ಲ, ಓಟೂ ಇಲ್ಲ. ಯಾರು ಬೇಕಾದರೂ ಕರಡು ಬರೆದು ಕಳಿಸಬಹುದು. ಒಟ್ಟಾರೆ ಒಮ್ಮತ ಮತ್ತು ನಿಜವಾಗಿ ಓಡುವ ಕೋಡ್, ಇವೆರಡೇ ಅಲ್ಲಿ ನಡೆಯುವ ನಾಣ್ಯ. ಅಲ್ಲಿಯ ಮುಖ್ಯಸ್ಥರನ್ನು ಆರಿಸುವ ಸಮಿತಿಯನ್ನು ಚೀಟಿ ಎತ್ತಿ ಆರಿಸುತ್ತಾರೆ. ಸಭೆಗಳಲ್ಲಿ ಸಾಕಷ್ಟು ಪಾಲ್ಗೊಂಡವರು ಹೆಸರು ಕೊಡುತ್ತಾರೆ. ಅವರಲ್ಲಿ ಹತ್ತು ಜನರ ಆಯ್ಕೆ. ಚೀಟಿಯಲ್ಲಿ ಮೋಸ ಆಗದಂತೆ, ಇಂಥ ದಿನದ ಸರ್ಕಾರಿ ಲಾಟರಿ ಸಂಖ್ಯೆಯನ್ನೇ ಬಳಸುತ್ತೇವೆ ಅಂತ ಮೊದಲೇ ಹೇಳಿಬಿಡುತ್ತಾರೆ. ಲೆಕ್ಕದ ಸೂತ್ರ ಬಹಿರಂಗ. ಬೆಳಗಾವಿಯಲ್ಲಿ ಕೂತ ವಿದ್ಯಾರ್ಥಿ ತನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಓಡಿಸಿ, ಅದೇ ಹತ್ತು ಹೆಸರು ಬರುತ್ತದಾ ಅಂತ ನೋಡಬಹುದು. ಒಂದೇ ಕಂಪನಿಯ ಇಬ್ಬರಿಗಿಂತ ಹೆಚ್ಚು ಜನ ಸಮಿತಿಯಲ್ಲಿ ಇರುವಂತಿಲ್ಲ.

ಇನ್ನೊಂದು ಇದೆ, ನನಗೆ ತುಂಬ ಇಷ್ಟವಾದದ್ದು. ವೆಬ್‌ಸೈಟ್ ಹೆಸರುಗಳು ನಕಲಿಯಲ್ಲ ಅಂತ ಖಾತ್ರಿ ಮಾಡುವ ಬೇರುಮಟ್ಟದ, ಅಂದರೆ ಎಲ್ಲ ಹೆಸರುಗಳಿಗೂ ತಳಪಾಯವಾದ ಮಟ್ಟದ, ಕೀಲಿ 2010ರಲ್ಲಿ ಬಂತು. ಆ ಡಿಜಿಟಲ್ ಕೀಲಿಯನ್ನು ಬಳಸಲು ವರ್ಷಕ್ಕೆ ಸಾಮಾನ್ಯವಾಗಿ ನಾಲ್ಕು ಸಲ ವಿಧಿವತ್ತಾಗಿ ಸೇರುತ್ತಾರೆ. ಅಮೆರಿಕದ ಎರಡು ಊರುಗಳಲ್ಲಿ ಇದಕ್ಕೆಂದೇ ಭದ್ರ ಕೋಣೆಗಳಿವೆ. ಒಂದೊಂದು ಕಡೆಗೂ ಬೇರೆ ಬೇರೆ ದೇಶಗಳಿಂದ ಬಂದ ಏಳು ಸ್ವಯಂಸೇವಕರು ನೇಮಕವಾಗಿದ್ದಾರೆ. ಅವರಲ್ಲಿ ಕನಿಷ್ಠ ಮೂವರು ಇರದೆ ಕೀಲಿ ತೆರೆಯುವುದಿಲ್ಲ. ಇಡೀ ಕೆಲಸದ ನೇರ ಪ್ರಸಾರ ಇರುತ್ತದೆ. 2020ರ ಫೆಬ್ರವರಿಯಲ್ಲಿ ತಿಜೋರಿಯ ಬೀಗವೇ ಕೆಟ್ಟು ಕಾರ್ಯಕ್ರಮ ಮುಂದೆ ಹೋಯಿತು. ಬೀಗ ಕೊರೆದು ತೆಗೆಯಬೇಕಾಯಿತು. ಅದನ್ನೂ ಮುಚ್ಚಿಡದೆ ಎಲ್ಲರಿಗೂ ಹೇಳಿದರು. ಹೊಣೆಗಾರಿಕೆ ಅಂದರೆ ಇದು ಅಂತ ನಾನು ವಿದ್ಯಾರ್ಥಿಗಳಿಗೆ ಆ ವಿಡಿಯೋ ತೋರಿಸುತ್ತೇನೆ.

ಇದರಲ್ಲಿ ಕನ್ನಡದವರ ಪಾತ್ರ ಏನು ಅಂದರೆ, ಇದೆ, ಮತ್ತು ಅದು ಸಣ್ಣದಲ್ಲ. ಹೆಸರಿನ ಕೊನೆಯ ಭಾಗವನ್ನು, ಅಂದರೆ ಕೊನೆಯ ಚುಕ್ಕೆಯ ನಂತರದ್ದನ್ನು, ಕನ್ನಡದಲ್ಲೂ ಬರೆಯಬಹುದು. ಡಾಟ್ ಭಾರತ ಕನ್ನಡ ಲಿಪಿಯಲ್ಲೇ ಇದೆ. ಆದರೆ ಯಾವ ಅಕ್ಷರಕ್ಕೆ ಅವಕಾಶ, ಯಾವ ಜೋಡಣೆ ತಪ್ಪು ಅಂತ ಯಾರಾದರೂ ತೀರ್ಮಾನಿಸಬೇಕಲ್ಲ. ಬ್ರಾಹ್ಮಿಯಿಂದ ಬಂದ ಒಂಬತ್ತು ಲಿಪಿಗಳಿಗಾಗಿ ನಿಯೋ ಬ್ರಾಹ್ಮಿ ಎಂಬ ಸಮಿತಿ ಕೂತು ಇದನ್ನು ಮಾಡಿತು. ಭಾಷಾ ತಜ್ಞರು, ಎಂಜಿನಿಯರುಗಳು ಸೇರಿ ಮಾಡಿದ ಸ್ವಯಂಸೇವೆ. ಕನ್ನಡದ ನಿಯಮಗಳು 2019ರಲ್ಲಿ ಜಾಗತಿಕ ನಿಯಮಾವಳಿಗೆ ಸೇರಿದವು.

ಕೆಲಸ ಸುಲಭದ್ದಲ್ಲ. ಕನ್ನಡ ಮತ್ತು ತೆಲುಗಿನ ಎಷ್ಟೋ ಅಕ್ಷರ ನೋಡಲು ಒಂದೇ. ಗ, ಠ, ಡ ಇವನ್ನು ನೋಡಿ. ಕನ್ನಡದಲ್ಲಿರುವ ಬ್ಯಾಂಕಿನ ಹೆಸರನ್ನು ತೆಲುಗು ಅಕ್ಷರದಲ್ಲಿ ನಕಲು ಮಾಡಿ ಜನರಿಗೆ ಮೋಸ ಮಾಡಲು ಸಾಧ್ಯ. ಹಾಗಾಗಿ ಎರಡೂ ಲಿಪಿಯವರು ಕೂತು, ಯಾವ ಯಾವ ಅಕ್ಷರ ಒಂದಕ್ಕೊಂದು ಸಮ ಅಂತ ಪಟ್ಟಿ ಮಾಡಿದರು. ಇನ್ನೊಂದು ತೊಡಕು ನಮಗೆಲ್ಲ ಗೊತ್ತಿರುವುದೇ. 'ಸಾಫ್ಟ್‌ವೇರ್' ಅಂತ ಬರೆಯುವಾಗ ವೇ ಅಕ್ಷರ ಒತ್ತಾಗಿ ಕೆಳಗೆ ಇಳಿಯದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತೇವೆ. ಕಾಣದ ಸಂಕೇತ ಮೋಸಕ್ಕೆ ದಾರಿ ಅಂತ ಹೆಸರಿನ ಕೊನೆಯ ಭಾಗದಲ್ಲಿ ಅದಕ್ಕೆ ಜಾಗವಿಲ್ಲ. ಭದ್ರತೆಯ ಕಣ್ಣಿನಿಂದ ಅದು ಸರಿ. ಕನ್ನಡ ಬರೆಯುವವರ ಕಣ್ಣಿನಿಂದ ಅದಕ್ಕೆ ಒಂದು ಬೆಲೆ ಇದೆ. ಇಂಥ ಮಾತನ್ನು ಕನ್ನಡ ಬರೆಯುವವರಲ್ಲದೆ ಬೇರೆ ಯಾರು ಹೇಳಲು ಸಾಧ್ಯ? ಕರಡುಗಳನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಇಟ್ಟಿದ್ದರು. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ಇದು ಎಷ್ಟು ಚರ್ಚೆ ಆಗಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಬಾಗಿಲು ತೆರೆದಿದೆ ಅಂದ ಮಾತ್ರಕ್ಕೆ ಎಲ್ಲರೂ ಒಳಗೆ ಹೋಗಲು ಆಗುವುದಿಲ್ಲ. ಸ್ವಯಂಸೇವೆಗೆ ಸಮಯ ಬೇಕು, ಸಮಯಕ್ಕೆ ದುಡ್ಡು ಬೇಕು. ಈ ಸಂಸ್ಥೆಗಳಲ್ಲಿ ವರ್ಷಗಟ್ಟಲೆ ಕೂರುವವರಲ್ಲಿ ಎಷ್ಟೋ ಜನರಿಗೆ ಅವರ ಕಂಪನಿಯೇ ಸಂಬಳ ಕೊಟ್ಟು ಕಳಿಸಿರುತ್ತದೆ. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರಿಲ್ಲದೆ ಕೆಲಸವೇ ನಡೆಯುವುದಿಲ್ಲ. ಆದರೆ ಬಾಗಲಕೋಟೆಯ ಉಪನ್ಯಾಸಕಿ ಅದೇ ಕೆಲಸ ಮಾಡಬೇಕಾದರೆ ಕ್ಲಾಸು ಮುಗಿಸಿ, ಮನೆ ಕೆಲಸ ಮುಗಿಸಿ ಕೂರಬೇಕು. ಲಾಸ್ ಏಂಜಲೀಸಿನಲ್ಲಿ ಬೇಸಿಗೆಯ ಮಧ್ಯಾಹ್ನ 12 ಗಂಟೆ ಅಂದರೆ ನಮ್ಮಲ್ಲಿ ರಾತ್ರಿ 12:30. ಐಕಾನ್ ಸಭೆಗಳಲ್ಲಿ ಅನುವಾದ ಸಿಗುವುದು ಸಾಮಾನ್ಯವಾಗಿ ವಿಶ್ವಸಂಸ್ಥೆಯ ಆರು ಭಾಷೆಗಳಲ್ಲಿ. ಭಾರತದ ಒಂದು ಭಾಷೆಯೂ ಅದರಲ್ಲಿಲ್ಲ.

ಅದಕ್ಕೇ ಹಿತಾಸಕ್ತಿ ಘೋಷಣೆ ಅನ್ನುವುದು ಬಹಳ ಮುಖ್ಯ. ಐಕಾನ್‌ನ ಕಾರ್ಯಗುಂಪಿಗೆ ಸೇರುವವರು ಒಂದು ಫಾರ್ಮ್ ತುಂಬಬೇಕು. ಎಲ್ಲಿ ಕೆಲಸ, ಯಾರ ಪರವಾಗಿ ಬಂದಿದ್ದೀರಿ ಅಂತ ಬರೆಯಬೇಕು. ವಕೀಲರು, ಸಲಹೆಗಾರರು ತಮ್ಮ ಕಕ್ಷಿದಾರರ ಹೆಸರು ಹೇಳದೆ ಇರಬಹುದಾ ಅನ್ನುವ ಬಗ್ಗೆ ಈಚಿನ ವರ್ಷಗಳಲ್ಲಿ ದೊಡ್ಡ ವಾದವೇ ನಡೆಯಿತು. ನನ್ನ ಅಭಿಪ್ರಾಯ ಸರಳ. ಹೆಸರು ಹೇಳಲಾಗದವರು ನಿಯಮ ಬರೆಯುವ ಮೇಜಿನಲ್ಲಿ ಕೂರಬಾರದು. ಬಂದು ಕೇಳಲಿ, ಮಾತಾಡಲಿ, ಆದರೆ ತೀರ್ಮಾನದಲ್ಲಿ ಪಾಲು ಬೇಡ.

ಹಾಗಾದರೆ ಇಲ್ಲಿಂದ ಹೇಗೆ ಶುರು ಮಾಡುವುದು? ಐಕಾನ್ ನಿಯಮ ಬದಲಿಸುವಾಗ ಕರಡನ್ನು ಹೊರಗಿಟ್ಟು ಸಾಮಾನ್ಯವಾಗಿ 40 ದಿನ ಅಭಿಪ್ರಾಯ ಕೇಳುತ್ತದೆ. ಶುಲ್ಕ ಇಲ್ಲ, ಸದಸ್ಯತ್ವ ಬೇಡ. ಅದರ ಆನ್‌ಲೈನ್ ಪಾಠಗಳೂ ಉಚಿತ. ಸಭೆಗಳಿಗೆ ಹೋಗಿಬರುವ ಖರ್ಚು ಕೊಡುವ ಫೆಲೋಶಿಪ್ ಇದೆ, ವಿದ್ಯಾರ್ಥಿಗಳಿಗೆ ಬೇರೆಯದೇ ಯೋಜನೆ ಇದೆ. ಎಪಿನಿಕ್‌ನಲ್ಲಿ ಮಂಡಳಿಗೆ ಓಟು ಹಾಕಲು ಸದಸ್ಯರಾಗಿರಬೇಕು, ಆದರೆ ನೀತಿಯ ಪ್ರಸ್ತಾವ ಕೊಡಲು ಯಾರಾದರೂ ಆದೀತು. ನಮ್ಮ ಜಿಲ್ಲೆಗಳಲ್ಲಿ ಸಣ್ಣ ಪ್ರಮಾಣದಲ್ಲಿ ಇಂಟರ್ನೆಟ್ ಸೇವೆ ಕೊಡುವ ಕೇಬಲ್ ಆಪರೇಟರ್‌ಗಳಿಗೆ ಇದು ಉಪಯೋಗಕ್ಕೆ ಬರುತ್ತದೆ. ಅವರಿಗೆ ಐಪಿ ವಿಳಾಸ ಕೊಡುವ ಭಾರತದ ಸಂಸ್ಥೆ ಐರಿನ್ ಕೂಡ ಎಪಿನಿಕ್ ವ್ಯವಸ್ಥೆಯ ಒಳಗೇ ಇದೆ. 2016ರಿಂದ ಇಂಡಿಯಾ ಸ್ಕೂಲ್ ಆನ್ ಇಂಟರ್ನೆಟ್ ಗವರ್ನೆನ್ಸ್ ಎಂಬ ತರಬೇತಿಯೂ ದೇಶದಲ್ಲಿ ನಡೆಯುತ್ತಿದೆ.

ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ, ಸುಮ್ನೆ ಸುಸ್ತಾಗುತ್ತದೆ. ಕನ್ನಡ ಗೊತ್ತಿದ್ದರೆ ಲಿಪಿಯ ಕೆಲಸ ಹಿಡಿಯಿರಿ. ಕಾಮರ್ಸ್ ಓದಿದವರಾದರೆ ಬಜೆಟ್ ಹಿಡಿಯಿರಿ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವ ಹೊತ್ತಿಗೇ, ಅಂದರೆ ಡಿಸೆಂಬರಿನ ಸುಮಾರಿಗೆ, ಐಕಾನ್ ಕೂಡ ಮುಂದಿನ ಸಾಲಿನ ಬಜೆಟ್ ಕರಡನ್ನು ಅಭಿಪ್ರಾಯಕ್ಕೆ ಇಡುತ್ತದೆ. ಮೊದಲ ಸಲ ಓದುವವರು ಎರಡು ಸಾಲು ಹುಡುಕಿ ನೋಡಿ: ಸ್ವಯಂಸೇವಕರ ಪ್ರಯಾಣಕ್ಕೆ ಎಷ್ಟು ಇಟ್ಟಿದ್ದಾರೆ, ಭಾಷಾ ಸೇವೆಗೆ ಎಷ್ಟು. ಆ ಎರಡು ಸಾಲಿನ ಬಗ್ಗೆಯೇ ಒಂದು ಪುಟ ಬರೆದು, ಕೆಳಗೆ ನಿಮ್ಮ ಹೆಸರು ಮತ್ತು ಊರು ಹಾಕಿ ಕಳಿಸಿ. ಬಂದ ಅಭಿಪ್ರಾಯಗಳ ಬಗ್ಗೆ ಅವರು ವರದಿ ಪ್ರಕಟಿಸುತ್ತಾರೆ.